ಬೋರಿಕ್ ಮೇಷ್ಟ್ರ ಹಂಗು

ಶಾಲೆಯ ಹಿಂದಿನ ಬೀದಿಯಲ್ಲಿ ಯಾರ ಮನೆಯ ಏಣಿ ಕಾಣೆಯಾದರೂ ಯಾರೂ ಗಾಬರಿಯಾಗುತ್ತಿರಲಿಲ್ಲ. ಸೀದಾ ವಿಜ್ಞಾನದ ಮೇಷ್ಟ್ರ ಮನೆಗೆ ಹೋಗುತ್ತಿದ್ದರು. ಏಣಿ ಅಲ್ಲಿ ಗೋಡೆಗೆ ಒರಗಿಕೊಂಡು ನಿಂತಿರುತ್ತಿತ್ತು. ಅದರ ಪಕ್ಕದಲ್ಲಿ ಇನ್ಯಾರದೋ ತಳ್ಳುಗಾಡಿ, ಮತ್ಯಾರದೋ ಗರಗಸ, ಒಮ್ಮೆಯಂತೂ ಮಗುವಿನ ತೊಟ್ಟಿಲು. ಈ ಮನೆಯಲ್ಲಿ ಮಗುವೇ ಇಲ್ಲವಲ್ಲ, ತೊಟ್ಟಿಲು ಯಾಕೆ ತಂದಿರಿ ಎಂದು ಹೆಂಡತಿ ಕೇಳಿದಾಗ ಮೇಷ್ಟ್ರು, "ನಾಳೆ ಲೋಲಕದ ಪಾಠ ಇದೆ ಕಣೇ. ದಾರಕ್ಕೆ ಕಲ್ಲು ಕಟ್ಟಿ ತೋರಿಸಿ ತೋರಿಸಿ ನನಗೇ ಬೇಜಾರಾಗಿದೆ," ಎಂದಿದ್ದರು. ತೊಟ್ಟಿಲು ಕೊಟ್ಟ ಮನೆಯ ಮಗು ಅವತ್ತು ಎಲ್ಲಿ ಮಲಗಿತು ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಉತ್ತರ ಸಿದ್ಧವಿರುತ್ತಿತ್ತು.

ದುಡ್ಡನ್ನು ಮಾತ್ರ ಮೇಷ್ಟ್ರು ಯಾರ ಹತ್ತಿರವೂ ಕೇಳಿದವರಲ್ಲ. ಅವರ ಕಣ್ಣು ಬೀಳುತ್ತಿದ್ದದ್ದು ವಸ್ತುಗಳ ಮೇಲೆ. ಇಕ್ಕಳ, ಕೊಡೆ, ಬಾಣಲೆ, ನಿನ್ನೆಯ ಪೇಪರು, ಹೀಗೆ ಬೀದಿಯ ಈ ತುದಿಯಲ್ಲಿ ಖಾಲಿ ಇದ್ದ ಕೈ ಆ ತುದಿ ಮುಟ್ಟುವಷ್ಟರಲ್ಲಿ ತುಂಬಿರುತ್ತಿತ್ತು. ಕೇಳುವುದರಲ್ಲಿ ಅವರದು ಎತ್ತಿದ ಕೈ. ಮೊದಲು ವಸ್ತುವನ್ನು ಹೊಗಳುವುದು, ಆಮೇಲೆ ಅದನ್ನು ಅಷ್ಟು ಚೆನ್ನಾಗಿ ಇಟ್ಟುಕೊಂಡವರನ್ನು ಹೊಗಳುವುದು, ಅವರು ಉಬ್ಬುತ್ತಿರುವಾಗಲೇ, "ಒಂದು ಗಳಿಗೆ ಕೊಡಿ, ಹೀಗೆ ತಗೊಂಡು ಹೋಗಿ ಹೀಗೆ ತಂದುಬಿಡ್ತೀನಿ," ಎನ್ನುವುದು. ತಗೊಂಡು ಹೋಗುವುದು ಹೇಳಿದ ಹಾಗೇ ನಡೆಯುತ್ತಿತ್ತು. ತಂದುಬಿಡುವ ವಿಷಯದಲ್ಲಿ ಮೇಷ್ಟ್ರ ಗಡಿಯಾರವೇ ಬೇರೆ.

ಬೋರಿಕ್ ಮೇಷ್ಟ್ರು ಎಂದು ಹೆಸರಿಟ್ಟವರು ಶಾಲೆಯ ಮಕ್ಕಳು. ಬೇರೆಯವರು ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಬೋರಿಕ್ ಆಮ್ಲವನ್ನು ಇವರು ವರ್ಷಾ ವರ್ಷ ಎಳೆದು ಎಳೆದು ಹೇಳುತ್ತಿದ್ದರು. ಬೋರು ಹೊಡೆಸುತ್ತಾರೆ ಎಂಬ ಅರ್ಥವೂ ಹೆಸರಿನೊಳಗೆ ತಾನಾಗಿ ಬಂದು ಕೂತಿತು. ಅದು ಕಿವಿಗೆ ಬಿದ್ದ ದಿನ ಮೇಷ್ಟ್ರು ಸಿಟ್ಟಾಗುತ್ತಾರೆ ಎಂದು ಎಲ್ಲರೂ ಕಾದರು. "ಪರವಾಗಿಲ್ಲ. ಸಲ್ಫ್ಯೂರಿಕ್ ಅಂತ ಇಟ್ಟಿದ್ರೆ ನನ್ನ ಹತ್ರ ಯಾರೂ ಸುಳೀತಿರಲಿಲ್ಲ," ಎಂದು ಹಲಗೆಯ ಕಡೆ ತಿರುಗಿದರು.

ಅವರ ಹೆಂಡತಿಯನ್ನು ಬೀದಿಯವರು ಬೈಂಡಿಂಗ್ ಅಕ್ಕ ಎನ್ನುತ್ತಿದ್ದರು. ಅಚ್ಚುಕೂಟದಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕಿ, ರಟ್ಟು ಅಂಟಿಸಿ, ಅಂಚು ಕತ್ತರಿಸುವ ಕೆಲಸ ಮಾಡಿ ಹೋದ ವರ್ಷವಷ್ಟೇ ಬಿಟ್ಟಿದ್ದಳು. ಕತ್ತರಿಸಿದ ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಸವರಿದರೆ ಸಾಕು, ಒಂದು ಹಾಳೆ ಕೂದಲೆಳೆಯಷ್ಟು ಹೊರಗೆ ಚಾಚಿದ್ದರೂ ಆಕೆಗೆ ಸಿಕ್ಕಿಬೀಳುತ್ತಿತ್ತು. ಮನೆಯನ್ನೂ ಹಾಗೇ ಒಪ್ಪವಾಗಿ ಇಡಬೇಕೆಂದು ಆಸೆ. ಆದರೆ ಕಟ್ಟಿಕೊಂಡ ಗಂಡನೇ ಎಲ್ಲ ಕಡೆಗೂ ಚಾಚಿಕೊಂಡಿರುವ ಹಾಳೆ. ಅದನ್ನು ಯಾವ ಯಂತ್ರದಲ್ಲಿಟ್ಟು ಕತ್ತರಿಸುವುದು?

ಆಕೆಗೆ ಒಂದು ಪದ ಕೇಳಿದರೆ ಆಗುತ್ತಿರಲಿಲ್ಲ. ಆ ಪದ ಹಂಗು. ತಾಯಿ ತೀರಿಕೊಂಡ ಮೇಲೆ ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು. ದೊಡ್ಡಮ್ಮ ಕೆಟ್ಟವಳಲ್ಲ. ಹೊಟ್ಟೆಗೆ ಹಾಕಿದಳು, ಬಟ್ಟೆ ಹೊಲಿಸಿದಳು, ಶಾಲೆಗೂ ಕಳಿಸಿದಳು. ಆದರೆ ಮನೆಗೆ ಬಂದವರ ಮುಂದೆಲ್ಲ, "ಪಾಪ, ನಮ್ಮ ಹಂಗಲ್ಲಿ ಬೆಳೀತಿದೆ," ಎನ್ನುವುದನ್ನು ಮಾತ್ರ ಬಿಡಲಿಲ್ಲ. ಇನ್ನೊಂದು ತುತ್ತು ಬೇಕೆನಿಸಿದರೂ ಬಾಯಿಬಿಟ್ಟು ಕೇಳದೆ ತಟ್ಟೆ ಮುಂದಿನಿಂದ ಎದ್ದು ಕೈ ತೊಳೆದುಕೊಂಡ ಹುಡುಗಿ ಅದು. ದೊಡ್ಡವಳಾದ ಮೇಲೂ ಕೇಳಲಿಲ್ಲ. ಉಪ್ಪು ಮುಗಿದರೆ ಸಪ್ಪೆ ಉಂಡಾಳೇ ಹೊರತು ಪಕ್ಕದ ಮನೆಯ ಬಾಗಿಲು ತಟ್ಟುತ್ತಿರಲಿಲ್ಲ. ಯಾರಾದರೂ ಪ್ರೀತಿಯಿಂದ ಒಂದು ಬ್ರೆಡ್ಡು ಕಳಿಸಿದರೂ ಸಂಜೆಯೊಳಗೆ ಆ ಮನೆಯ ಮಕ್ಕಳ ಹರಿದ ಪುಸ್ತಕಕ್ಕೆ ರಟ್ಟು ಹಾಕಿ ಕಳಿಸಿದರೇ ಸಮಾಧಾನ. ಇಂಥವಳಿಗೆ ಅಂಥ ಗಂಡ. ಈ ಜೋಡಿ ಕೂಡಿಸಿದವರನ್ನು ಹಿಡಿದು ಕೇಳಬೇಕು.

ಈಗ ಮೇಷ್ಟ್ರ ನಿವೃತ್ತಿ ಹತ್ತಿರ ಬಂದಿತ್ತು. ಇದ್ದದ್ದು ಶಾಲೆಯವರು ಕೊಟ್ಟ ಮನೆ. ಕೆಲಸದ ಜೊತೆಗೆ ಮನೆಯನ್ನೂ ಬಿಡಬೇಕು. ಎಲ್ಲಿಗೆ ಹೋಗುವುದು? ಶಾಲೆಯ ಗೇಟಿನ ಎದುರಿಗೇ ಇರುವ ಬೇಕರಿಯ ಮೇಲಿನ ಮನೆ ಖಾಲಿ ಇತ್ತು. ಬೇಕರಿ ನಡೆಸುವ ಮುದುಕಿ, ಬೀದಿಗೆಲ್ಲ ಬೇಕರಿ ಅಮ್ಮ, "ಇಲ್ಲೇ ಮೇಲೆ ಬಂದಿರಿ, ಬಾಡಿಗೆ ಮಾತು ಆಮೇಲೆ ನೋಡ್ಕೊಂಡ್ರಾಯ್ತು," ಎಂದು ಮೇಷ್ಟ್ರ ಕೈಲಿ ಹೇಳಿಕಳಿಸಿದ್ದಳು. ಬಾಡಿಗೆ ಮಾತು ಆಮೇಲೆ ಎಂದ ತಕ್ಷಣ ಬೈಂಡಿಂಗ್ ಅಕ್ಕನ ಕಿವಿಯಲ್ಲಿ ದೊಡ್ಡಮ್ಮನ ದನಿ ಎದ್ದಿತು. ಕೂಡಲೇ ಬೇರೆ ಮನೆ ಹುಡುಕಿದಳು. ಊರಿನ ಆ ತುದಿಯಲ್ಲಿ ಹೊಸ ಕಟ್ಟಡ, ಮೂರನೇ ಮಹಡಿ, ಬಿಳಿ ಗೋಡೆ. ಹೊರಗೆ ನಿಂತವರನ್ನು ಒಳಗಿನಿಂದಲೇ ನೋಡಲು ಬಾಗಿಲಲ್ಲಿ ಒಂದು ಗಾಜಿನ ಕಣ್ಣು. ಆ ಕಣ್ಣಿಗೇ ಆಕೆ ಮನಸೋತಳು.

"ಅಲ್ಲಿ ಯಾರ ಹಂಗೂ ಇಲ್ಲ," ಎಂದಳು ಗಂಡನಿಗೆ.

"ಅಲ್ಲಿ ಯಾರೂ ಇಲ್ಲ ಕಣೇ."

"ನಾನೂ ಅದನ್ನೇ ಹೇಳ್ತಿರೋದು."

ಮೇಷ್ಟ್ರು ಆಮೇಲೆ ಎದುರಾಡಲಿಲ್ಲ. ಬೀದಿಯವರಿಗೆಲ್ಲ ಕೈ ಒಡ್ಡಿದ ಆ ಮನುಷ್ಯ ಹೆಂಡತಿಗೆ ಒಂದು ದಿನವೂ ಇಲ್ಲ ಅಂದವರಲ್ಲ. "ನೀನು ಹೇಗೆ ಹೇಳಿದ್ರೆ ಹಾಗೆ," ಎಂದರು. ಅವರ ಕೊನೆಯ ಕೆಲಸದ ದಿನ ಸಂಜೆ ಹೊಸ ಮನೆಯವರಿಗೆ ಫೋನ್ ಮಾಡಿ ಒಪ್ಪಿಗೆ ಹೇಳುವುದೆಂದಾಯಿತು. ಅಷ್ಟರೊಳಗೆ ಯಾರ ವಸ್ತುವೂ ಮನೆಯಲ್ಲಿ ಉಳಿಯಕೂಡದು, ಹೊಸದಾಗಿ ಯಾರಲ್ಲೂ ಒಂದು ಗುಂಡುಸೂಜಿಯನ್ನೂ ಕೇಳಕೂಡದು ಎಂದು ಆಕೆ ಗಂಡನಿಂದ ಮಾತು ತೆಗೆದುಕೊಂಡಳು.

"ಗುಂಡುಸೂಜೀನೂ ಬೇಡವಾ?"

"ಅದರ ತುದೀನೂ ಬೇಡ."

ವಸ್ತುಗಳನ್ನು ವಾಪಸು ಕೊಡುವ ಕೆಲಸವನ್ನು ಗಂಡನಿಗೆ ಬಿಟ್ಟರೆ ಆದ ಹಾಗೇ ಎಂದು ಆಕೆ ತಾನೇ ಸೆರಗು ಬಿಗಿದು ಹೊರಟಳು. ಬೀದಿ ಬೆರಗಾಗಿ ನೋಡಿತು. ಗರಗಸದವರು ತಮಗೆ ಗರಗಸ ಇದ್ದದ್ದನ್ನೇ ಮರೆತಿದ್ದರು. ತೊಟ್ಟಿಲಿನ ಮನೆಯ ಮಗು ಈಗ ಸೈಕಲ್ ಹೊಡೆಯುತ್ತಿತ್ತು. ಒಬ್ಬಾಕೆ ತನ್ನ ಬಾಣಲೆಯನ್ನು ಗುರುತು ಹಿಡಿಯದೆ, "ಅಯ್ಯೋ, ನಮಗ್ಯಾಕೆ ಉಡುಗೊರೆ," ಎಂದು ನಾಚಿಕೊಂಡಳು. ಏಣಿಯ ಒಡೆಯ, ಗೋಡೆಗೆ ಬಣ್ಣ ಹೊಡೆಯುವ ಪೇಂಟರ್, ಏಣಿ ನೋಡಿ ಸಂತೋಷಪಡುವ ಬದಲು ಮುಖ ಸಣ್ಣದು ಮಾಡಿಕೊಂಡ.

"ಯಾಕಕ್ಕಾ, ನನ್ನಿಂದೇನಾದ್ರೂ ತಪ್ಪಾಯ್ತಾ?"

"ತಪ್ಪೇನಪ್ಪಾ, ನಿನ್ನ ಏಣಿ ನಿನಗೆ ಕೊಡ್ತಿದ್ದೀನಿ."

"ಅದಕ್ಕೇ ಕೇಳ್ದೆ," ಎಂದ ಅವನು. ಆ ಮಾತಿನ ತಲೆ ಬುಡ ಆಕೆಗೆ ಹತ್ತಲಿಲ್ಲ.

ತಳ್ಳುಗಾಡಿ ಬೇಕರಿಗೆ ಹೋಯಿತು. ಅದರ ಜೊತೆಗೆ ಒಂದು ಬಾಟಲಿ ಗ್ಲಿಸರಿನ್ನೂ ಹೋಯಿತು. ಕೇಕಿನ ಮೇಲೆ ಹಚ್ಚುವ ಸಕ್ಕರೆ ಒಣಗಿ ಬಿರುಕು ಬಿಡದಿರಲಿ ಎಂದು ಬೇಕರಿ ಅಮ್ಮ ಅದಕ್ಕೆ ನಾಲ್ಕು ಹನಿ ಗ್ಲಿಸರಿನ್ ಸೇರಿಸುವವಳು. ಮೇಷ್ಟ್ರು ಅದನ್ನು ಯಾವುದೋ ಪಾಠಕ್ಕೆಂದು ತಂದಿಟ್ಟಿದ್ದರು. ಸಂಜೆ ಮನೆಗೆ ಬಂದು ನೋಡಿದರೆ ಗೋಡೆಗಳು ಕಾಣುತ್ತಿದ್ದವು, ಮೂಲೆಗಳು ಕಾಣುತ್ತಿದ್ದವು. ಬೈಂಡಿಂಗ್ ಅಕ್ಕ ನಡುಮನೆಯಲ್ಲಿ ನಿಂತು ಸುತ್ತಲೂ ನೋಡಿ ಹಾಯಾಗಿ ಉಸಿರುಬಿಟ್ಟಳು. ಹಂಗು ಹರಿದಿತ್ತು.

ಆ ಹಾಯಿ ಒಂದು ವಾರವೂ ಬಾಳಲಿಲ್ಲ. ಬಾಗಿಲು ಬಡಿಯುವವರೇ ಇಲ್ಲ. ಮುಂಚೆ ಬೆಳಗಾದರೆ ಯಾರಾದರೊಬ್ಬರು ತಮ್ಮ ವಸ್ತು ಹುಡುಕಿಕೊಂಡು ಬಂದು, ಹುಡುಕುವ ನೆಪದಲ್ಲಿ ಕೂತು, ಕೂತ ನೆಪದಲ್ಲಿ ಟೀ ಕುಡಿದು, ತಮ್ಮದು ಬಿಟ್ಟು ಇನ್ಯಾರದನ್ನೋ ಎತ್ತಿಕೊಂಡು ಹೋಗುತ್ತಿದ್ದರು. ಆಗ ಆಕೆ ಗೊಣಗುತ್ತಿದ್ದಳು. ಈಗ ಗೊಣಗಲಿಕ್ಕೂ ಯಾರಿಲ್ಲ. ಮೇಷ್ಟ್ರು ಸಂಜೆ ಬೀದಿಯಲ್ಲಿ ಒಂದು ಸುತ್ತು ಹೋಗಿ ಬರುವರು. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಳ್ಳುವರು, ಆಮೇಲೆ ಜೇಬಿಗೆ ಹಾಕಿಕೊಳ್ಳುವರು. ಖಾಲಿ ಕೈಯಲ್ಲಿ ಹೋದವರು ಖಾಲಿ ಕೈಯಲ್ಲೇ ಬಂದು ಕಿಟಕಿಯ ಹತ್ತಿರ ಕೂರುವರು. ಆಕೆಗೆ ಅವರನ್ನು ಹಾಗೆ ನೋಡಲಾಗುತ್ತಿರಲಿಲ್ಲ. ಹೊಸ ಮನೆಗೆ ಹೋದರೆ ಸರಿಹೋಗುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ಬೆಳಿಗ್ಗೆ ಪೇಂಟರ್ ಬಂದು ಬಾಗಿಲಲ್ಲಿ ನಿಂತು ಖಾಲಿ ಮೂಲೆಯನ್ನೇ ನೋಡಿದ.

"ತಳ್ಳುಗಾಡಿ ಎಲ್ಲಕ್ಕಾ?"

"ಬೇಕರಿಗೆ ವಾಪಸ್ ಕೊಟ್ಟೆ. ಅದು ಅವರದೇ ತಾನೇ. ಬೇಕಿದ್ರೆ ಹೋಗಿ ಕೇಳು."

"ಆ ಅಮ್ಮನ್ನಾ? ಅದಕ್ಕಿಂತ ಬಣ್ಣದ ಡಬ್ಬ ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ."

ಹಾಗೇ ಹೊತ್ತುಕೊಂಡು ಹೋದ. ತಿರುವಿನಲ್ಲಿ ಒಂದು ಡಬ್ಬ ಜಾರಿ ಅರ್ಧ ರಸ್ತೆ ಹಳದಿಯಾಯಿತು.

ಪೇಂಟರಿಗೂ ಬೇಕರಿ ಅಮ್ಮನಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಅವಳ ಅಂಗಡಿಗೆ ಬೋರ್ಡು ಬರೆದುಕೊಟ್ಟವನು ಅವನೇ. ಬೇಕರಿ ಎಂದು ಬರೆಯುವ ಕಡೆ ಕೈ ಓಡಿಸಿಕೊಂಡು ಬೇಕಾರಿ ಎಂದು ಬರೆದುಬಿಟ್ಟ. "ಒಂದು ದೀರ್ಘ ತಾನೇ ಅಮ್ಮಾ, ಬ್ರೆಡ್ಡಿನ ರುಚಿ ಕೆಡುತ್ತಾ?" ಎಂದು ಹಲ್ಲು ಕಿರಿದ. "ಕತ್ತಲಲ್ಲಿ ಎದ್ದು ಹಿಟ್ಟು ನಾದೋಳು ನಾನು. ನಾನು ಬೇಕಾರಿನಾ?" ಎಂದು ಅವಳು ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಆ ದೀರ್ಘವನ್ನು ತಾನೇ ಕೆರೆದು ಹಾಕಿದಳು. ಅಂದಿನಿಂದ ಹಾವು ಮುಂಗುಸಿ. ಬೋರ್ಡಿನ ಮೇಲೆ ಗಾಯ ಇನ್ನೂ ಇದೆ.

ಬಣ್ಣ ಚೆಲ್ಲಿದ ದಿನವೇ ಬೇಕರಿಯ ಮುಂದೆ ಬೈಂಡಿಂಗ್ ಅಕ್ಕ ಹಾದುಹೋಗುತ್ತಿದ್ದಾಗ ಬೇಕರಿ ಅಮ್ಮ ಬ್ರೆಡ್ಡಿನ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಹತ್ತಿ, ಹೊಗೆ ಹೋಗುವ ಕಿಂಡಿ ಒರೆಸುತ್ತಿದ್ದಳು. ಕ್ರೇಟುಗಳು ತೂರಾಡುತ್ತಿದ್ದವು. ಬೈಂಡಿಂಗ್ ಅಕ್ಕ ಓಡಿಹೋಗಿ ಹಿಡಿದುಕೊಂಡಳು.

"ಬೀಳ್ತೀರಮ್ಮಾ. ಏಣಿ ಹಾಕ್ಕೋಬಾರ್ದಾ?"

"ಮೇಷ್ಟ್ರ ಏಣಿ ಇಲ್ವಲ್ಲ ಈಗ."

"ಅದು ಮೇಷ್ಟ್ರದಲ್ಲ, ಪೇಂಟರ್‌ದು."

"ನಿಮ್ಮನೇಲಿದ್ದಾಗ ಅದು ಮೇಷ್ಟ್ರ ಏಣಿ. ಅವನ ಮನೇಲಿದ್ರೆ ನನ್ನ ಕಣ್ಣಿಗೆ ಅದು ಏಣಿಯೇ ಅಲ್ಲ," ಎಂದು ಅಮ್ಮ ಕಿಂಡಿ ಒರೆಸುವುದನ್ನು ಮುಂದುವರಿಸಿದಳು.

ಬೈಂಡಿಂಗ್ ಅಕ್ಕ ಯೋಚನೆಗೆ ಬಿದ್ದಳು. ಇಷ್ಟು ವರ್ಷ ಪೇಂಟರನ ಏಣಿಯನ್ನು ಬೇಕರಿ ಅಮ್ಮ ಹತ್ತಿದ್ದಳು, ಬೇಕರಿ ಅಮ್ಮನ ಗಾಡಿಯನ್ನು ಪೇಂಟರ್ ತಳ್ಳಿದ್ದ, ನಡುವೆ ತನ್ನ ಮನೆಯ ಮೂಲೆ ಒಂದಿತ್ತು. ಮನೆಗೆ ಬಂದು ಗಂಡನನ್ನು ಕೇಳಿದಳು.

"ರೀ, ನೀವು ಇದನ್ನೆಲ್ಲ ಬೇಕಂತಲೇ ಮಾಡ್ತಿದ್ರಾ?"

ಮೇಷ್ಟ್ರು ಬಹಳ ಹೊತ್ತು ನೆನಪು ಮಾಡಿಕೊಂಡರು. "ಇಲ್ಲ ಕಣೇ. ನನಗೆ ಏಣಿ ಬೇಕಿತ್ತು, ಅಷ್ಟೇ."

ಕೊನೆಯ ಕೆಲಸದ ದಿನ ಬಂತು. ಮಧ್ಯಾಹ್ನ ಶಾಲೆಯವರು ಟೀ ಇಟ್ಟುಕೊಂಡಿದ್ದರು, ಮೇಷ್ಟ್ರ ಮನೆಯವರೂ ಬರಬೇಕೆಂದಿದ್ದರು. ಬೈಂಡಿಂಗ್ ಅಕ್ಕ ಸಮಯಕ್ಕೆ ಮುಂಚೆಯೇ ಹೋದಳು. ಮೇಷ್ಟ್ರು ಇನ್ನೂ ಪ್ರಯೋಗಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಆಮ್ಲ ಬಿದ್ದು ಕಲೆಯಾದ ಉದ್ದನೆಯ ಮೇಜುಗಳು, ಸದಾ ತೊಟ್ಟಿಕ್ಕುವ ನಲ್ಲಿ, ಮೂಗಿಗೆ ಅಡರುವ ಗ್ಯಾಸಿನ ವಾಸನೆ. ಅವರ ಪಾಠವನ್ನು ಆಕೆ ಯಾವತ್ತೂ ಕೇಳಿರಲಿಲ್ಲ. ಸದ್ದು ಮಾಡದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು.

"ಆಮ್ಲ ಅಂದ್ರೇನು?" ಎಂದು ಮೇಷ್ಟ್ರು ಕೇಳುತ್ತಿದ್ದರು.

"ನೀರಲ್ಲಿ ಹೈಡ್ರೋಜನ್ ಅಯಾನು ಕೊಡೋದು ಸಾರ್," ಎಂದು ಕ್ಲಾಸು ರಾಗ ಎಳೆಯಿತು.

ಮೇಷ್ಟ್ರು ಹಲಗೆಯ ಮೇಲೆ ಬೋರಿಕ್ ಆಮ್ಲದ ಸೂತ್ರ ಬರೆದರು. "ಇದರಲ್ಲಿ ಹೈಡ್ರೋಜನ್ ಮೂರಿದೆ. ಎಷ್ಟು ಕೊಡುತ್ತೆ?"

"ಮೂರು ಸಾರ್."

"ಒಂದೂ ಕೊಡಲ್ಲ."

ಕ್ಲಾಸು ತಬ್ಬಿಬ್ಬಾಯಿತು. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಕೊಡೋದೇ ಇಲ್ಲ ಅಂದ್ಮೇಲೆ ಅದನ್ನ ಆಮ್ಲ ಅಂತ ಯಾಕೆ ಕರೀಬೇಕು ಸಾರ್?"

"ಈ ಪ್ರಶ್ನೆಗೋಸ್ಕರ ನಾನು ಪ್ರತಿ ವರ್ಷ ಈ ಪಾಠ ಎಳೀತೀನಿ. ಕೂತ್ಕೋ. ಇದರ ನಡುವೆ ಇರೋ ಬೋರಾನ್‌ಗೆ ಮೂರು ಕೈ. ಒಂದೊಂದು ಕೈಯಲ್ಲೂ ಒಂದು ಆಕ್ಸಿಜನ್, ಅದರ ಬಾಲಕ್ಕೊಂದು ಹೈಡ್ರೋಜನ್. ಈ ಜೋಡಿಗೆ ಹೈಡ್ರಾಕ್ಸಿಲ್ ಅಂತಾರೆ. ಮೂರನ್ನೂ ಗಟ್ಟಿಯಾಗಿ ಹಿಡ್ಕೊಂಡಿದೆ, ಬಿಡಲ್ಲ. ಆದ್ರೆ ಅದರ ಪಕ್ಕದಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ. ಖಾಲಿ ಜಾಗ ಇದ್ದೋರು ಸುಮ್ನೆ ಇರ್ತಾರಾ? ಹೋಗಿ ನೀರಿನ ಬಾಗಿಲು ತಟ್ಟುತ್ತೆ. ನೀರಿನ ಹತ್ರ ಏನಿದೆ? ಒಂದು ಹೈಡ್ರಾಕ್ಸಿಲ್ಲು, ಒಂದು ಹೈಡ್ರೋಜನ್ನು. 'ನಿಮ್ಮ ಹೈಡ್ರಾಕ್ಸಿಲ್ಲು ಬಹಳ ಚೆನ್ನಾಗಿದೆ, ಒಂದು ಗಳಿಗೆ ಕೊಡಿ, ಹೀಗೆ ತಗೊಂಡು ಹೋಗಿ ಹೀಗೆ ತಂದುಬಿಡ್ತೀನಿ' ಅನ್ನುತ್ತೆ."

ಬೀದಿಯ ಮಕ್ಕಳು ಮೇಜು ಬಡಿದು ನಕ್ಕರು. ಅವರಿಗೆ ಆ ದನಿ ಗೊತ್ತಿತ್ತು. ಹಿಂದಿನ ಬೆಂಚಿನಲ್ಲಿ ಬೈಂಡಿಂಗ್ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೀರು ಹೈಡ್ರಾಕ್ಸಿಲ್ ಕೊಡ್ತು. ಆಗ ನೀರಿನ ಹತ್ರ ಉಳಿದದ್ದೇನು?"

"ಹೈಡ್ರೋಜನ್ ಅಯಾನು ಸಾರ್."

"ಇಷ್ಟು ಹೊತ್ತು ಮನೇಲಿ ಕೂತಿತ್ತು, ಈಗ ಬೀದಿಗೆ ಬಂತು. ಪಕ್ಕದ ನೀರಿನ ಹೆಗಲು ಹಿಡ್ಕೊಂಡು ಊರೆಲ್ಲ ಓಡಾಡುತ್ತೆ. ಆಮ್ಲದ ಗುಣ ಬರೋದು ಅದರಿಂದ. ಈಗ ಹೇಳಿ, ಹೈಡ್ರೋಜನ್ ಕೊಟ್ಟಿದ್ದು ಯಾರು?"

"ನೀರು."

"ಕೊಡೋ ಹಾಗೆ ಮಾಡಿದ್ದು?"

"ಬೋರಿಕ್," ಎಂದು ಒಬ್ಬ ಜೋರಾಗಿ ಕೂಗಿ, ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮೇಷ್ಟ್ರು ತಲೆಬಾಗಿ ನಮಸ್ಕಾರ ಮಾಡಿದರು.

ಬೈಂಡಿಂಗ್ ಅಕ್ಕ ಈಗ ನಗುತ್ತಿರಲಿಲ್ಲ. ಆಕೆಯ ಕಣ್ಣ ಮುಂದೆ ಏಣಿ, ತಳ್ಳುಗಾಡಿ, ಬಾಣಲೆಗಳು ಬೀದಿಯುದ್ದಕ್ಕೂ ಓಡಾಡುತ್ತಿದ್ದವು. ಅವನ್ನೆಲ್ಲ ಹಿಡಿದು ಅವರವರ ಮನೆಯೊಳಗೆ ಕೂಡಿಹಾಕಿ ಬಂದವಳು ತಾನು.

"ಆದ್ರೂ ಇದು ದುರ್ಬಲ ಆಮ್ಲ. ಯಾಕೆ?" ಎಂದು ಮೇಷ್ಟ್ರು ಮುಂದುವರಿಸಿದರು. "ಬೋರಿಕ್‌ಗೆ ಕೇಳೋಕೆ ಸಂಕೋಚ. ಹತ್ತು ಸಾವಿರದಲ್ಲಿ ಒಂದೋ ಏನೋ ಬಾಯಿಬಿಟ್ಟು ಕೇಳುತ್ತೆ. ತಗೊಂಡ ಮೇಲಾದ್ರೂ ಇಟ್ಕೊಳ್ಳುತ್ತಾ? ಇಲ್ಲ. ಯಾವಾಗ ವಾಪಸ್ ಕೊಟ್ಟೇನು ಅಂತ ಒಂದೇ ಆತುರ. ಕೊಟ್ಟೂಬಿಡುತ್ತೆ."

ಅವರು ಹಲಗೆಯ ಕಡೆ ತಿರುಗಿ ಮಾತಾಡುತ್ತಿದ್ದರು. ಹೆಂಡತಿ ಬಂದು ಕೂತದ್ದನ್ನು ನೋಡಿಯೇ ಇರಲಿಲ್ಲ. ಆದರೂ ಮಾತು ನೆಟ್ಟಗೆ ಬಂದು ಆಕೆಯ ಎದೆಗೆ ತಾಗಿತು. ರಟ್ಟು ಹಾಕಿ ಕಳಿಸಿದ ಪುಸ್ತಕಗಳೆಲ್ಲ ನೆನಪಾದವು. ಆಕೆಗೆ ಸ್ವಲ್ಪ ಸಿಟ್ಟೂ ಬಂತು, ಬೋರಿಕ್ ಆಮ್ಲದ ಮೇಲೆ.

ಮೇಜಿನ ಮೇಲೆ ಒಂದು ಗಾಜಿನ ಫ್ಲಾಸ್ಕು. ಅದರಲ್ಲಿ ಬೋರಿಕ್ ಆಮ್ಲ ಕರಗಿಸಿದ ನೀರು. ಕ್ಷಾರ ಕಂಡರೆ ಕೆಂಪೇರುವ ಬಣ್ಣದ್ರವದ ಎರಡು ಹನಿಯನ್ನು ಮೇಷ್ಟ್ರು ಅದಕ್ಕೆ ಬಿಟ್ಟರು. ಆಮೇಲೆ ಹನಿಹನಿಯಾಗಿ ಕ್ಷಾರ ಸೇರಿಸಿದರು. ಬಲವಾದ ಆಮ್ಲವಾಗಿದ್ದರೆ ಬಹಳ ಹೊತ್ತು ತಡೆದುಕೊಳ್ಳುತ್ತಿತ್ತು. ಇದು ಬೇಗ ಸೋತು ನಸುಗುಲಾಬಿಯಾಯಿತು.

"ಸೋತಿತು ಅಂದ್ಕೊಂಡ್ರಾ? ಈಗ ಇದಕ್ಕೆ ಗ್ಲಿಸರಿನ್ ಹಾಕೋಣ. ಗ್ಲಿಸರಿನ್ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ, ಪಾಪದ್ದು. ಆದ್ರೆ ಅದು ಬೋರಾನನ್ನ ಎರಡು ಕೈಯಲ್ಲೂ ತಬ್ಬಿ ಹಿಡ್ಕೊಳ್ಳುತ್ತೆ. ತಗೊಂಡದ್ದನ್ನ ವಾಪಸ್ ಕೊಡೋಕೆ ಬಿಡಲ್ಲ. ಆಗ ನೋಡಿ ಇದರ ಬಲ," ಎನ್ನುತ್ತ ಅಭ್ಯಾಸಬಲದಿಂದ ಹಿಂದಿನ ಕಪಾಟು ತೆಗೆದರು. ಕೈ ಅಲ್ಲೇ ನಿಂತಿತು.

ಬಾಟಲಿ ಎಲ್ಲಿದೆ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

"ಇವತ್ತು ಗ್ಲಿಸರಿನ್ ಇಲ್ಲ," ಎಂದರು ಮೇಷ್ಟ್ರು, ಕಪಾಟು ಮುಚ್ಚಿ. "ಬಣ್ಣ ಮಾಯವಾಯ್ತು ಅಂತ ಅಂದ್ಕೊಳ್ಳಿ."

"ಬೇಕರೀಲಿರುತ್ತೆ ಸಾರ್, ಓಡಿಹೋಗಿ ತರ್ತೀನಿ," ಎಂದಳು ಮುಂದಿನ ಬೆಂಚಿನ ಹುಡುಗಿ.

"ಬೇಡಮ್ಮ. ಕೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಅಷ್ಟು ಹೊತ್ತು ಕುಣಿಯುತ್ತಿದ್ದ ದನಿ ಕುಗ್ಗಿತ್ತು. ಫ್ಲಾಸ್ಕನ್ನು ಕೈಯಲ್ಲಿ ಹಿಡಿದುಕೊಂಡು, ಅದರ ಗುಲಾಬಿ ಬಣ್ಣ ನೋಡುತ್ತ ನಿಂತರು. ಇಷ್ಟು ವರ್ಷ ಹೇಳಿದ ಪಾಠದ ಕೊನೆಯ ಸಾಲು ಕೊನೆಯ ದಿನ ಬಾಯಲ್ಲೇ ಉಳಿದಿತ್ತು. ಬೈಂಡಿಂಗ್ ಅಕ್ಕ ಬೆಂಚಿನಿಂದ ಎದ್ದು ಗೇಟು ದಾಟಿ ರಸ್ತೆಗೆ ಇಳಿದಳು.

ಬೇಕರಿ ಅಮ್ಮ ಕೇಕಿಗೆ ಸಕ್ಕರೆ ಹಚ್ಚುತ್ತಿದ್ದಳು. ಬೈಂಡಿಂಗ್ ಅಕ್ಕ ಕೌಂಟರಿನ ಮುಂದೆ ನಿಂತಳು. ಗಾಜಿನ ಪೆಟ್ಟಿಗೆಯಲ್ಲಿದ್ದ ಬನ್ನುಗಳನ್ನು ನೋಡಿದಳು. ಬನ್ನು ಕೊಂಡುಕೊಳ್ಳುವುದು ಎಷ್ಟು ಸುಲಭ, ದುಡ್ಡಿಟ್ಟರೆ ಮುಗಿಯಿತು. ಬಾಯಿಬಿಟ್ಟು ಕೇಳುವ ಒಂದು ಮಾತು ಯಾಕೆ ಇಷ್ಟು ಭಾರ? ಗಂಡ ದಿನಕ್ಕೆ ಎಷ್ಟು ಬಾರಿ ಈ ಭಾರ ಎತ್ತುತ್ತಿದ್ದರು? ಅದೂ ನಗುನಗುತ್ತ.

"ಸ್ವಲ್ಪ ಗ್ಲಿಸರಿನ್ ಬೇಕಿತ್ತು," ಎಂದಳು ಕೊನೆಗೆ.

ಅಮ್ಮ ತಲೆ ಎತ್ತಿದಳು. "ಏನಂದೆ?"

"ಗ್ಲಿಸರಿನ್. ಬೇಕಿತ್ತು. ಕೊಡ್ತೀರಾ?"

ಅಮ್ಮ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಬಾಟಲಿ ತಂದು ಆಕೆಯ ಕೈಯಲ್ಲಿ ಇಟ್ಟಳು. "ಈ ಪಾಠಕ್ಕೆ ಮೇಷ್ಟ್ರು ಪ್ರತಿ ವರ್ಷ ಬರೋರು. ಈ ಸಲ ಯಾಕೆ ಬರ್ಲಿಲ್ಲ ಅಂತ ಬೆಳಗಿಂದ ಬಾಗಿಲ ಕಡೇನೇ ನೋಡ್ತಿದ್ದೆ. ಹೋಗು, ಮಕ್ಕಳು ಕಾಯ್ತಿರ್ತಾರೆ."

ಆಕೆ ಬಾಟಲಿ ಹಿಡಿದು ಪ್ರಯೋಗಶಾಲೆಯ ಒಳಗೆ ಬಂದಾಗ ಮೇಷ್ಟ್ರು ಮೊದಲು ಬಾಟಲಿ ನೋಡಿದರು, ಆಮೇಲೆ ಅದನ್ನು ಹಿಡಿದವಳನ್ನು.

"ನೀನು ಕೇಳಿದ್ಯಾ?" ಎಂದರು ಮೆಲ್ಲಗೆ.

"ಹ್ಞೂಂ. ಮಾತು ಕೊಟ್ಟಿದ್ದು ನೀವು, ನಾನಲ್ಲ. ಪಾಠ ಮುಗಿಸಿ."

ಗ್ಲಿಸರಿನ್ ಮಂದವಾಗಿ ಎಳೆಎಳೆಯಾಗಿ ಇಳಿಯಿತು. ಮೇಷ್ಟ್ರು ಫ್ಲಾಸ್ಕನ್ನು ಒಂದೆರಡು ಸಲ ಕುಲುಕಿದರು. ಗುಲಾಬಿ ಬಣ್ಣ ತೆಳುವಾಯಿತು, ಇನ್ನೂ ತೆಳುವಾಯಿತು, ಇಲ್ಲವಾಯಿತು. ಫ್ಲಾಸ್ಕಿನಲ್ಲಿ ನೀರು ಮಾತ್ರ ಇದ್ದಂತೆ ಕಂಡಿತು. ಮಕ್ಕಳು ಶಿಳ್ಳೆ ಹೊಡೆದರು. ಮೇಷ್ಟ್ರು ಆ ಸಂಭ್ರಮದಲ್ಲಿ ಮುಂದಿನ ಬೆಂಚಿನ ಹುಡುಗಿಯ ಪೆನ್ನು ಹೊಗಳಿ, ಒಂದು ಗಳಿಗೆ ಇಸಿದುಕೊಂಡು, ಜೇಬಿಗೆ ಹಾಕಿಕೊಂಡರು. ಹೆಂಡತಿ ನೋಡಿಯೂ ನೋಡದವಳಂತೆ ಇದ್ದಳು.

ಟೀ ಆಯಿತು, ಭಾಷಣಗಳಾದವು. ಬಿಸಿಲು ಇಳಿಯುತ್ತಿತ್ತು. ಹೊಸ ಮನೆಯವರಿಗೆ ಫೋನ್ ಮಾಡುವ ಹೊತ್ತು ಹತ್ತಿರ ಬಂದಿತ್ತು. ಮೇಷ್ಟ್ರು ಹಳೆಯ ವಿದ್ಯಾರ್ಥಿಗಳ ನಡುವೆ ಸಿಕ್ಕಿಬಿದ್ದಿದ್ದಾಗ ಬೈಂಡಿಂಗ್ ಅಕ್ಕ ಇನ್ನೊಮ್ಮೆ ರಸ್ತೆ ದಾಟಿದಳು. ಬೇಕರಿಯಲ್ಲಿ ಗಿರಾಕಿಗಳಿರಲಿಲ್ಲ. ಅಮ್ಮ ಸ್ಟೂಲಿನ ಮೇಲೆ ಕೂತು ಊದಿದ ಪಾದಗಳನ್ನು ನೀವಿಕೊಳ್ಳುತ್ತಿದ್ದಳು.

"ಇನ್ನೊಂದು ಕೇಳ್ಬೇಕಿತ್ತಮ್ಮಾ."

"ಒಂದೇ ದಿನಕ್ಕೆ ಎರಡಾ? ಕೇಳು, ಕೇಳು."

"ಮೇಲಿನ ಮನೆ ನಮಗೆ ಕೊಡ್ತೀರಾ?" ಎಂದಳು. "ನೀವು ಅವತ್ತು ಹೇಳಿದಾಗ ನಾನು ಬೇಡ ಅಂದೆ. ನಮ್ಮ ಮೇಲೆ ಕನಿಕರ ಅಂದ್ಕೊಂಡೆ. ಯಾರಾದ್ರೂ ಏನಾದ್ರೂ ಕೊಡ್ತೀನಿ ಅಂದ್ರೆ ನನಗೆ ಹಾಗೇ ಕೇಳಿಸುತ್ತೆ. ಚಿಕ್ಕಂದಿನಿಂದ ಹಾಗೇ."

ಅಮ್ಮ ಮುಖ ಎತ್ತದೆ ಪಾದ ನೀವಿಕೊಳ್ಳುತ್ತಲೇ ಇದ್ದಳು. ಬೇರೆಯವರಿಗೆ ಕೊಟ್ಟಾಯಿತೋ ಏನೋ ಎಂದು ಬೈಂಡಿಂಗ್ ಅಕ್ಕನಿಗೆ ಭಯವಾಯಿತು. ಎಷ್ಟು ಬೇಕು ಈ ಮನೆ ತನಗೆ ಎಂದು ಆಗ ಗೊತ್ತಾಯಿತು. ಮೇಷ್ಟ್ರಿಗಾಗಿ ಅಲ್ಲ, ತನಗೇ ಬೇಕಿತ್ತು.

"ಕನಿಕರ ಎಲ್ಲಿಂದ ಬರ್ಬೇಕಮ್ಮಾ ನನಗೆ," ಎಂದಳು ಅಮ್ಮ ಕೊನೆಗೆ. "ಅಂಗಡಿ ಮುಚ್ಚಿ ಹಿಂದಿನ ಕೋಣೇಲಿ ಮಲಗ್ತೀನಲ್ಲ, ತಲೆ ಮೇಲೆ ಒಂದು ಸದ್ದಿಲ್ಲ. ಪಾತ್ರೆ ಬಿದ್ದದ್ದಿಲ್ಲ, ಕುರ್ಚಿ ಎಳೆದದ್ದಿಲ್ಲ. ಯಾರಾದ್ರೂ ಮೇಲೆ ಓಡಾಡ್ತಿದ್ರೆ ಸಾಕಿತ್ತು ಅನ್ಸುತ್ತೆ. ನೀವು ಬಂದಿರ್ತೀರಾ ಅಂತ ಕೇಳ್ಬೇಕಿತ್ತು ನಾನು. ಬಾಯಿ ಬರ್ಲಿಲ್ಲ. ಅದಕ್ಕೇ ಬಾಡಿಗೆ ಗೀಡಿಗೆ ಅಂತ ಏನೋ ದೊಡ್ಡಸ್ತಿಕೆ ಮಾತಾಡಿ ಕಳಿಸಿದೆ. ನೀನು ಬೇಡ ಅಂದ್ಮೇಲೆ ಬಹಳ ಅತ್ತೆ."

ಬೈಂಡಿಂಗ್ ಅಕ್ಕ ಕೌಂಟರಿನ ಹಲಗೆ ಎತ್ತಿ ಒಳಗೆ ಹೋಗಿ ಆ ಮುದುಕಿಯ ಪಕ್ಕ ನೆಲದ ಮೇಲೇ ಕೂತಳು. ಅವಳ ಇನ್ನೊಂದು ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನಮ್ಮನೆಯವರ ನಡಿಗೆ ಸ್ವಲ್ಪ ಜೋರಮ್ಮಾ," ಎಂದಳು ಕಣ್ಣೊರೆಸಿಕೊಂಡು. "ನಿಮಗೆ ನಿದ್ದೆ ಕೆಡುತ್ತೆ."

"ಕೆಡ್ಲಿ," ಎಂದಳು ಅಮ್ಮ.